ಚಾರ್ಟಿನ ಅಕ್ಷಕ್ಕೆ ಎರಡು ಹಂತದ ಹೆಸರು: ಆಫೀಸ್ ತಂತ್ರಾಂಶಗಳಲ್ಲಿ ಬಹುಹಂತದ ಲೇಬಲ್‌ಗಳು

ಕಂಬದ ಚಾರ್ಟಿನ ಅಡ್ಡ ಅಕ್ಷದ ಕೆಳಗೆ ಸಾಮಾನ್ಯವಾಗಿ ಒಂದೇ ಸಾಲು ಹೆಸರುಗಳಿರುತ್ತವೆ: ತಿಂಗಳುಗಳು, ಜಿಲ್ಲೆಗಳು, ಬೆಳೆಗಳು. ಆ ಹೆಸರುಗಳೇ ಇನ್ನೊಂದು ದೊಡ್ಡ ಗುಂಪಿಗೆ ಸೇರಿದ್ದರೆ ಒಂದು ಸಾಲು ಸಾಲದು. ತಿಂಗಳಿನ ಕೆಳಗೆ ತ್ರೈಮಾಸಿಕ, ಅದರ ಕೆಳಗೆ ವರ್ಷ. ಜಿಲ್ಲೆಯ ಕೆಳಗೆ ಕಂದಾಯ ವಿಭಾಗ. ಬೆಳೆಯ ಕೆಳಗೆ ಮುಂಗಾರು, ಹಿಂಗಾರು, ಬೇಸಿಗೆ. ಹೀಗೆ ಒಂದರ ಕೆಳಗೊಂದು ಸಾಲಾಗಿ, ಪ್ರತಿ ಗುಂಪಿನ ಹೆಸರು ತನ್ನ ಕಂಬಗಳ ನಡುಮಧ್ಯಕ್ಕೆ ಬರುವಂತೆ ಕೂರುವ ಹೆಸರುಗಳನ್ನು ಬಹುಹಂತದ ಅಕ್ಷ ಲೇಬಲ್‌ಗಳು ಎನ್ನಬಹುದು. ಎಕ್ಸೆಲ್ ಇವನ್ನು ಮಲ್ಟಿ-ಲೆವೆಲ್ ಕೆಟಗರಿ ಲೇಬಲ್ಸ್ ಎನ್ನುತ್ತದೆ. ಲಿಬ್ರೆಆಫೀಸ್‌ನಲ್ಲಿ ಇವುಗಳ ಹೆಸರು ಹೈರಾರ್ಕಿಕಲ್ ಆಕ್ಸಿಸ್ ಲೇಬಲ್ಸ್.

ಕಂಬಗಳಿಗೆ ಅಂಟಿಕೊಂಡ ಸಾಲು ಒಳ ಹಂತ, ಅದರಾಚೆಯದು ಹೊರ ಹಂತ. ಈ ಹಂತಗಳನ್ನು ಚಾರ್ಟ್ ಬಂದ ಮೇಲೆ ಮೆನುವಿನಲ್ಲಿ ಹುಡುಕಿ ಸೇರಿಸಲು ಹೊರಟವರು ಬಹಳ ಹೊತ್ತು ಹುಡುಕಬೇಕಾಗುತ್ತದೆ, ಏಕೆಂದರೆ ಅವು ಹುಟ್ಟುವುದು ಚಾರ್ಟಿನಲ್ಲಲ್ಲ, ಚಾರ್ಟಿಗೆ ಆಧಾರವಾದ ಕೋಷ್ಟಕದಲ್ಲಿ. ಯಾವ ಕಾಲಂ ಎಲ್ಲಿದೆ, ಯಾವ ಸೆಲ್ ತುಂಬಿದೆ, ಯಾವುದು ಖಾಲಿ ಇದೆ ಎಂಬುದನ್ನು ನೋಡಿಯೇ ತಂತ್ರಾಂಶ ಅಕ್ಷವನ್ನು ಕಟ್ಟುತ್ತದೆ. ಈ ಒಂದು ಸಂಗತಿ ಮನದಟ್ಟಾದರೆ ಮುಂದಿನ ತೊಡಕುಗಳಲ್ಲಿ ಬಹುಪಾಲು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಕೋಷ್ಟಕದ ಸಿದ್ಧತೆ

ಕರ್ನಾಟಕದ ಆಡಳಿತ ವಿಂಗಡಣೆಯೇ ಇದಕ್ಕೆ ಒಳ್ಳೆಯ ಉದಾಹರಣೆ. ರಾಜ್ಯದಲ್ಲಿ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂಬ ನಾಲ್ಕು ಕಂದಾಯ ವಿಭಾಗಗಳಿವೆ. ಪ್ರತಿ ಜಿಲ್ಲೆಯೂ ಇವುಗಳಲ್ಲಿ ಒಂದಕ್ಕೆ ಮಾತ್ರ ಸೇರುತ್ತದೆ. 2011ರ ಜನಗಣತಿಯ ಸಾಕ್ಷರತಾ ಪ್ರಮಾಣವನ್ನು ಎರಡು ವಿಭಾಗಗಳಿಗೆ ತೆಗೆದುಕೊಂಡರೆ ಕೋಷ್ಟಕಕ್ಕೆ ಮೂರು ಕಾಲಂ ಬೇಕು: ಎಡತುದಿಯಲ್ಲಿ ವಿಭಾಗ, ನಡುವೆ ಜಿಲ್ಲೆ, ಬಲಕ್ಕೆ ಶೇಕಡಾವಾರು. ಮೈಸೂರು ವಿಭಾಗದ ಎಂಟು ಜಿಲ್ಲೆಗಳನ್ನು ಇಳಿಕೆಯ ಕ್ರಮದಲ್ಲಿ ಬರೆದರೆ ದಕ್ಷಿಣ ಕನ್ನಡ 88.57, ಉಡುಪಿ 86.24, ಕೊಡಗು 82.61, ಚಿಕ್ಕಮಗಳೂರು 79.25, ಹಾಸನ 76.07, ಮೈಸೂರು 72.79, ಮಂಡ್ಯ 70.40, ಚಾಮರಾಜನಗರ 61.43. ಕಲಬುರಗಿ ವಿಭಾಗದಲ್ಲಿ ಆಗ ಇದ್ದದ್ದು ಆರು ಜಿಲ್ಲೆ; ವಿಜಯನಗರ ಜಿಲ್ಲೆ ಬಂದದ್ದು 2021ರಲ್ಲಿ. ಆ ಆರರ ಅಂಕಿಗಳು ಬೀದರ್ 70.51, ಕೊಪ್ಪಳ 68.09, ಬಳ್ಳಾರಿ 67.43, ಕಲಬುರಗಿ 64.85, ರಾಯಚೂರು 59.56, ಯಾದಗಿರಿ 51.83.

ಮೊದಲ ಕಾಲಂನಲ್ಲಿ ‘ಮೈಸೂರು ವಿಭಾಗ’ ಎಂಬುದನ್ನು ದಕ್ಷಿಣ ಕನ್ನಡದ ಸಾಲಿನಲ್ಲಿ ಒಮ್ಮೆ ಮಾತ್ರ ಬರೆದು ಕೆಳಗಿನ ಏಳು ಸೆಲ್‌ಗಳನ್ನು ಖಾಲಿ ಬಿಡಬೇಕು. ಬೀದರ್ ಸಾಲಿನಲ್ಲಿ ‘ಕಲಬುರಗಿ ವಿಭಾಗ’ ಎಂದು ಬರೆದು ಕೆಳಗಿನ ಐದನ್ನು ಖಾಲಿ ಬಿಡಬೇಕು. ಖಾಲಿ ಸೆಲ್ ಎಂದರೆ ಮೇಲಿನ ಗುಂಪೇ ಮುಂದುವರಿದಿದೆ ಎಂದು ಎಕ್ಸೆಲ್ ಓದಿಕೊಳ್ಳುತ್ತದೆ. ಹೆಸರನ್ನು ಎಂಟೂ ಸಾಲುಗಳಲ್ಲಿ ಬರೆದರೆ ಸಾಮಾನ್ಯ ಚಾರ್ಟಿನಲ್ಲಿ ಅದು ಎಂಟು ಬಾರಿಯೂ ಮೂಡುತ್ತದೆ, ಒಂದೊಂದು ಕಂಬದ ಕೆಳಗೆ ಒಂದೊಂದು. ಹೊರ ಹಂತದ ಕಾಲಂ ಯಾವಾಗಲೂ ಹೊರಗೆ, ಅಂದರೆ ಎಡಕ್ಕೆ ಇರಬೇಕು. ಜಿಲ್ಲೆಯನ್ನು ಎಡಕ್ಕೂ ವಿಭಾಗವನ್ನು ಬಲಕ್ಕೂ ಇಟ್ಟರೆ ಹಂತಗಳು ತಲೆಕೆಳಗಾಗುತ್ತವೆ. ಮೂರನೆಯ ಹಂತ ಬೇಕಿದ್ದರೆ ಅದರ ಕಾಲಂ ಇನ್ನೂ ಎಡಕ್ಕೆ ಬರುತ್ತದೆ.

ಸಾಲುಗಳ ಕ್ರಮವೂ ಇಲ್ಲಿಯೇ ತೀರ್ಮಾನವಾಗಬೇಕು. ಜಿಲ್ಲೆಗಳನ್ನು ಅಕಾರಾದಿಯಾಗಿ ಜೋಡಿಸಿದರೆ ಹುಡುಕುವುದು ಸುಲಭ, ಹೋಲಿಸುವುದು ಕಷ್ಟ. ಮೇಲಿನಂತೆ ಗುಂಪಿನೊಳಗೆ ಇಳಿಕೆಯ ಕ್ರಮದಲ್ಲಿ ಜೋಡಿಸಿದರೆ ಚಾರ್ಟ್ ಎರಡು ಇಳಿಜಾರುಗಳಾಗಿ ಕಾಣುತ್ತದೆ. ಆಗ ಒಂದು ಸಂಗತಿ ಎದ್ದು ತೋರುತ್ತದೆ: ಮೈಸೂರು ವಿಭಾಗದ ಒಳಗಿನ ಅಂತರ, ದಕ್ಷಿಣ ಕನ್ನಡದಿಂದ ಚಾಮರಾಜನಗರದವರೆಗೆ, 27 ಅಂಶಕ್ಕೂ ಹೆಚ್ಚು, ಕಲಬುರಗಿ ವಿಭಾಗದ ಒಳಗಿನದು 19ಕ್ಕೂ ಕಡಿಮೆ. ಇನ್ನೊಂದು ಕಾಲಂನಲ್ಲಿ ರಾಜ್ಯದ ಪ್ರಮಾಣವಾದ 75.36ನ್ನು ಎಲ್ಲ ಸಾಲುಗಳಿಗೂ ತುಂಬಿ, ಆ ಸರಣಿಯನ್ನು ಕಂಬದ ಬದಲು ಗೆರೆಯಾಗಿ ಬದಲಾಯಿಸಿದರೆ ಮೈಸೂರು ವಿಭಾಗದ ಐದು ಜಿಲ್ಲೆಗಳು ಗೆರೆಯ ಮೇಲೆ, ಮೂರು ಕೆಳಗೆ, ಕಲಬುರಗಿ ವಿಭಾಗದ ಆರೂ ಕೆಳಗೆ ಇರುವುದು ಕಾಣುತ್ತದೆ. ಬರೀ ವಿಭಾಗವಾರು ಸರಾಸರಿ ಚಾರ್ಟ್ ಆಗಿದ್ದರೆ ಚಾಮರಾಜನಗರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಬರೀ ಜಿಲ್ಲಾವಾರು ಚಾರ್ಟ್ ಆಗಿದ್ದರೆ ಪ್ರಾದೇಶಿಕ ಅಸಮಾನತೆ ಮರೆಯಾಗುತ್ತಿತ್ತು. ಎರಡು ಹಂತದ ಅಕ್ಷ ಎರಡನ್ನೂ ಒಟ್ಟಿಗೆ ಹೇಳುತ್ತದೆ. ಅದರ ಉಪಯೋಗ ಇರುವುದೇ ಇದರಲ್ಲಿ.

ಎಕ್ಸೆಲ್‌ನಲ್ಲಿ ಚಾರ್ಟ್ ಮಾಡುವುದು

ಕೋಷ್ಟಕ ಸರಿಯಿದ್ದರೆ ಉಳಿದದ್ದು ಕೆಲವೇ ಕ್ಲಿಕ್. ಹೆಡ್ಡಿಂಗ್ ಸಮೇತ ಮೂರೂ ಕಾಲಂ ಆಯ್ದುಕೊಂಡು ಇನ್ಸರ್ಟ್ ಟ್ಯಾಬಿನಿಂದ ಕಾಲಮ್ ಚಾರ್ಟ್ ಆರಿಸಿದರೆ ಜಿಲ್ಲೆಗಳು ಕಂಬಗಳ ಕೆಳಗೆ, ವಿಭಾಗಗಳು ಅವುಗಳ ಕೆಳಗೆ, ನಡುವೆ ಒಂದು ಸಣ್ಣ ಲಂಬಗೆರೆಯೊಂದಿಗೆ ಬಂದು ಕೂರುತ್ತವೆ. ಆ ವಿಭಜಕ ಗೆರೆ ಅಕ್ಷದ ಗೆರೆಯ ಬಣ್ಣವನ್ನೇ ಪಡೆಯುತ್ತದೆ. ಅಕ್ಷದ ಗೆರೆ ಬೇಡವೆಂದು ತೆಗೆದರೆ ವಿಭಜಕವೂ ಹೋಗುತ್ತದೆ ಎಂಬುದನ್ನು ಮರೆತು ‘ಚೊಕ್ಕಟ’ ಮಾಡಲು ಹೋದ ಚಾರ್ಟುಗಳಲ್ಲಿ ಗುಂಪಿನ ಗಡಿಯೇ ಅಳಿಸಿಹೋಗಿರುತ್ತದೆ.

ಅತಿ ಹೆಚ್ಚು ಎದುರಾಗುವ ತೊಂದರೆ ವರ್ಷಗಳದ್ದು. ಹೊರ ಹಂತದಲ್ಲಿ ವಿಭಾಗದ ಬದಲು 2022, 2023 ಎಂಬ ವರ್ಷಗಳಿದ್ದರೆ ಅವು ಅಂಕಿಗಳು; ಎಕ್ಸೆಲ್ ಅವನ್ನು ಹೆಸರೆಂದು ತಿಳಿಯದೆ ಅಳತೆಯೆಂದು ತಿಳಿಯುತ್ತದೆ, ಎರಡು ಸಾವಿರ ಎತ್ತರದ ಕಂಬ ಎಬ್ಬಿಸುತ್ತದೆ, ನಿಜವಾದ ಅಂಕಿಗಳು ಅದರ ಬುಡದಲ್ಲಿ ಕಾಣದಂತಾಗುತ್ತವೆ. ಇದಕ್ಕೆ ಮೂರು ದಾರಿಗಳಿವೆ. ವರ್ಷದ ಮುಂದೆ ಒಂದು ಅಪಾಸ್ಟ್ರಫಿ ಹಾಕಿ ಅದನ್ನು ಪಠ್ಯವಾಗಿಸುವುದು ಒಂದು. ಹೆಸರಿನ ಕಾಲಂಗಳ ಹೆಡ್ಡಿಂಗ್ ಸೆಲ್‌ಗಳನ್ನು ಖಾಲಿ ಬಿಟ್ಟು, ಅವು ಅಳತೆಯ ಕಾಲಂಗಳಲ್ಲ ಎಂದು ಎಕ್ಸೆಲ್‌ಗೆ ಸೂಚನೆ ಕೊಡುವುದು ಎರಡನೆಯದು. ಚಾರ್ಟ್ ಬಂದ ಮೇಲೆ ಬಲ ಕ್ಲಿಕ್ಕಿನಿಂದ ಸೆಲೆಕ್ಟ್ ಡೇಟಾ ತೆರೆದು, ವರ್ಷದ ಸರಣಿಯನ್ನು ತೆಗೆದುಹಾಕಿ, ಅಡ್ಡ ಅಕ್ಷದ ಲೇಬಲ್‌ಗಳ ಎಡಿಟ್ ಒತ್ತಿ ಅಕ್ಕಪಕ್ಕದ ಎರಡೂ ಕಾಲಂಗಳನ್ನು ಒಟ್ಟಿಗೆ ಆಯ್ದುಕೊಡುವುದು ಮೂರನೆಯದು. ಮೂರನೆಯದು ಹೆಚ್ಚು ಕ್ಲಿಕ್ ಕೇಳುತ್ತದಾದರೂ ಅದೇ ಹೆಚ್ಚು ನಂಬಿಕಸ್ತ. ಎಕ್ಸೆಲ್‌ನ ಊಹೆಗೆ ಅದು ಜಾಗವನ್ನೇ ಕೊಡುವುದಿಲ್ಲ.

ಹಂತಗಳು ಬಾರದೆ ‘ಮೈಸೂರು ವಿಭಾಗ ದಕ್ಷಿಣ ಕನ್ನಡ’ ಎಂದು ಎರಡೂ ಹೆಸರುಗಳು ಒಂದೇ ಸಾಲಿನಲ್ಲಿ ಸೇರಿಕೊಂಡಿದ್ದರೆ, ಅಕ್ಷದ ಮೇಲೆ ಬಲ ಕ್ಲಿಕ್ ಮಾಡಿ ಫಾರ್ಮ್ಯಾಟ್ ಆಕ್ಸಿಸ್ ತೆರೆದು, ಲೇಬಲ್ಸ್ ಭಾಗದಲ್ಲಿ ಮಲ್ಟಿ-ಲೆವೆಲ್ ಕೆಟಗರಿ ಲೇಬಲ್ಸ್ ಎಂಬ ಚೌಕಕ್ಕೆ ಗುರುತು ಹಾಕಬೇಕು. ಎರಡಕ್ಕಿಂತ ಹೆಚ್ಚು ಕಾಲಂ ಹೆಸರುಗಳಿದ್ದರೆ ಮಾತ್ರ ಅರ್ಥಪೂರ್ಣವೆನಿಸುವ ಆಯ್ಕೆಯಂತೆ ಅದು ಕಂಡರೂ ಎರಡು ಕಾಲಂಗೂ ಅದೇ ಚೌಕ.

ಎಕ್ಸೆಲ್ ಬಿಟ್ಟುಕೊಡದ ಒಂದು ವಿಷಯ ಹೊರ ಹಂತದ ದಿಕ್ಕು. ಒಳ ಹಂತದ ಹೆಸರುಗಳನ್ನು ಓರೆಯಾಗಿಯೋ ನಿಲುವಾಗಿಯೋ ತಿರುಗಿಸಬಹುದು. ಹೊರ ಹಂತಕ್ಕೆ ಆ ಸ್ವಾತಂತ್ರ್ಯವಿಲ್ಲ. ಕಂಬದ ಚಾರ್ಟಿನಲ್ಲಿ ಹೊರ ಹಂತ ಅಡ್ಡಲಾಗಿರುವುದರಿಂದ ತೊಂದರೆಯಿಲ್ಲ. ಆದರೆ ಉದ್ದ ಹೆಸರುಗಳಿಗೆ ಅನುಕೂಲವೆಂದು ಅಡ್ಡಪಟ್ಟಿಯ ಚಾರ್ಟ್ ಆರಿಸಿಕೊಂಡರೆ ಒಳ ಹಂತ ನೇರವಾಗಿ ಓದಲು ಸಿಗುತ್ತದೆ, ಹೊರ ಹಂತ ಮಾತ್ರ ಮಲಗಿಸಿದ ಹೆಸರಾಗಿ ಎಡ ಅಂಚಿನಲ್ಲಿ ನಿಲ್ಲುತ್ತದೆ. ಗುಂಪಿನಲ್ಲಿ ಎರಡೇ ಪಟ್ಟಿಗಳಿದ್ದರೆ ಆ ಹೆಸರಿಗೆ ಸಾಕಷ್ಟು ಎತ್ತರವೂ ಸಿಗದು. ಅಡ್ಡಪಟ್ಟಿಯ ಚಾರ್ಟಿನಲ್ಲಿ ಇನ್ನೊಂದು ಗಮನಿಸಬೇಕಾದ್ದು: ಕೋಷ್ಟಕದ ಮೊದಲ ಸಾಲು ಚಾರ್ಟಿನಲ್ಲಿ ತಳಕ್ಕೆ ಹೋಗುತ್ತದೆ. ಫಾರ್ಮ್ಯಾಟ್ ಆಕ್ಸಿಸ್‌ನಲ್ಲಿ ಕೆಟಗರೀಸ್ ಇನ್ ರಿವರ್ಸ್ ಆರ್ಡರ್ ಆಯ್ದರೆ ಕ್ರಮ ಸರಿಹೋಗುತ್ತದೆ; ಆಗ ಮೇಲಕ್ಕೆ ಹಾರುವ ಅಳತೆಯ ಅಕ್ಷವನ್ನು ‘ಮ್ಯಾಕ್ಸಿಮಮ್ ಕೆಟಗರಿ’ಯಲ್ಲಿ ಸೇರುವಂತೆ ಹೇಳಿ ಮತ್ತೆ ಕೆಳಕ್ಕಿಳಿಸಬೇಕು.

ಚದುರು ಚಾರ್ಟಿನಲ್ಲಿ, ಅಂದರೆ ಸ್ಕ್ಯಾಟರ್‌ನಲ್ಲಿ, ಈ ಸೌಲಭ್ಯ ಇಲ್ಲವೇ ಇಲ್ಲ. ಅದರ ಎರಡೂ ಅಕ್ಷಗಳು ಅಂಕಿಗಳ ಅಕ್ಷಗಳು. ಹೆಸರುಗಳಿಗೆ ಅಲ್ಲಿ ಸ್ಥಾನವಿಲ್ಲ. ದಿನಾಂಕದ ಅಕ್ಷಕ್ಕೂ ಇದೇ ಮಾತು. ಒಂದೇ ಕಾಲಂನಲ್ಲಿ ದಿನಾಂಕಗಳಿದ್ದಾಗ ಎಕ್ಸೆಲ್ ನಡುವಿನ ಬಿಟ್ಟುಹೋದ ದಿನಗಳಿಗೂ ಜಾಗ ಬಿಡುತ್ತದೆ. ಪಕ್ಕದಲ್ಲಿ ಇನ್ನೊಂದು ಹಂತ ಸೇರಿದೊಡನೆ ಅಕ್ಷ ಬರೀ ಹೆಸರುಗಳ ಸಾಲಾಗುತ್ತದೆ, ಬಿಟ್ಟ ದಿನಗಳ ಜಾಗ ಮಾಯವಾಗುತ್ತದೆ. ಮಳೆಯ ಅಥವಾ ಜಲಾಶಯದ ಮಟ್ಟದ ದಾಖಲೆಯಲ್ಲಿ ಕೆಲವು ದಿನಗಳ ಅಂಕಿ ಇಲ್ಲದಿದ್ದರೆ ಇದರಿಂದ ಗೆರೆಯ ಏರಿಳಿತವೇ ತಪ್ಪಾಗಿ ಕಾಣಬಹುದು.

ಖಾಲಿ ಸೆಲ್ ಮತ್ತು ಖಾಲಿಯಂತೆ ಕಾಣುವ ಸೆಲ್

ಎಕ್ಸೆಲ್ ಕಡತದ ಒಳಗೆ ಇಣುಕಿದರೆ ಬಹುಹಂತದ ಅಕ್ಷ ಹೇಗೆ ಕೆಲಸ ಮಾಡುತ್ತದೆ ಎಂಬುದು ಸ್ಪಷ್ಟವಾಗುತ್ತದೆ. 2006ರಲ್ಲಿ ಎಕ್ಮಾ-376 ಎಂಬ ಮಾನದಂಡವಾಗಿ ಪ್ರಕಟವಾದ ಆಫೀಸ್ ಕಡತ ಸ್ವರೂಪದಲ್ಲಿ ಪ್ರತಿ ಹಂತಕ್ಕೂ ಒಂದೊಂದು ಪಟ್ಟಿ ಇರುತ್ತದೆ. ಒಳ ಹಂತದ ಪಟ್ಟಿ ಮೊದಲು, ಹೊರ ಹಂತದ್ದು ನಂತರ. ಪಟ್ಟಿಯ ಪ್ರತಿ ಹೆಸರಿಗೂ ಅದು ಎಷ್ಟನೆಯ ಸಾಲಿನದು ಎಂಬ ಸಂಖ್ಯೆ ಅಂಟಿರುತ್ತದೆ. ಜಿಲ್ಲೆಗಳ ಪಟ್ಟಿಯಲ್ಲಿ ಹದಿನಾಲ್ಕು ನಮೂದು, ವಿಭಾಗಗಳ ಪಟ್ಟಿಯಲ್ಲಿ ಎರಡೇ ನಮೂದು. ಖಾಲಿ ಸೆಲ್‌ಗೆ ನಮೂದೇ ಇಲ್ಲ. ಒಂದು ನಮೂದಿನಿಂದ ಮುಂದಿನ ನಮೂದಿನವರೆಗಿನ ಜಾಗವೆಲ್ಲ ಮೊದಲನೆಯದರ ಗುಂಪು.

ಇದರಿಂದಲೇ ಒಂದು ಪ್ರಸಿದ್ಧ ತೊಡಕಿನ ಕಾರಣವೂ ಗೊತ್ತಾಗುತ್ತದೆ. ಮೂಲ ಕೋಷ್ಟಕದಲ್ಲಿ ವಿಭಾಗದ ಹೆಸರು ಎಲ್ಲ ಸಾಲುಗಳಲ್ಲೂ ಇದ್ದು, ಚಾರ್ಟಿಗಾಗಿ ಪಕ್ಕದಲ್ಲಿ ಒಂದು ಸೂತ್ರ ಬರೆದು ‘ಮೇಲಿನ ಸಾಲಿನ ಹೆಸರೇ ಆದರೆ ಏನೂ ತೋರಿಸಬೇಡ’ ಎಂದರೆ ಆ ಸೆಲ್ ಕಣ್ಣಿಗೆ ಖಾಲಿಯಾಗಿ ಕಾಣುತ್ತದೆ. ಎಕ್ಸೆಲ್‌ಗೆ ಅದು ಖಾಲಿಯಲ್ಲ; ಅಕ್ಷರಗಳಿಲ್ಲದ ಒಂದು ಹೆಸರು. ಅದಕ್ಕೂ ನಮೂದು ಬೀಳುತ್ತದೆ. ಹಾಗಾಗಿ ‘ಮೈಸೂರು ವಿಭಾಗ’ ದಕ್ಷಿಣ ಕನ್ನಡದ ಒಂದೇ ಕಂಬದ ಕೆಳಗೆ ಇಕ್ಕಟ್ಟಾಗಿ ನಿಲ್ಲುತ್ತದೆ, ಉಳಿದ ಕಂಬಗಳ ಕೆಳಗೆ ಹೆಸರಿಲ್ಲದ ಗುಂಪುಗಳು ಸಾಲಾಗುತ್ತವೆ. ಸೂತ್ರದ ಫಲಿತಾಂಶವನ್ನು ಮೌಲ್ಯವಾಗಿ ನಕಲಿಸಿದರೂ ತೊಂದರೆ ಹೋಗದಿರಬಹುದು. ಆ ಸೆಲ್‌ಗಳನ್ನು ಆಯ್ದು ಡಿಲೀಟ್ ಒತ್ತಿದರೆ ಮಾತ್ರ ಅವು ನಿಜವಾಗಿ ಖಾಲಿಯಾಗುತ್ತವೆ.

ಇದೇ ಗುಣವನ್ನು ಬೇಕೆಂದೇ ಬಳಸಿಕೊಳ್ಳುವುದೂ ಉಂಟು. ಎರಡು ಗುಂಪುಗಳ ನಡುವೆ ಸ್ವಲ್ಪ ತೆರಪು ಬೇಕಿದ್ದರೆ ಕೋಷ್ಟಕದಲ್ಲಿ ಒಂದು ಖಾಲಿ ಸಾಲು ಸೇರಿಸುತ್ತಾರೆ. ಆ ಸಾಲಿನ ಹೊರ ಹಂತದ ಸೆಲ್ ಪೂರ್ತಿ ಖಾಲಿಯಿದ್ದರೆ ತೆರಪು ಮೇಲಿನ ಗುಂಪಿಗೇ ಸೇರಿ ಹೆಸರು ಒಂದಿಷ್ಟು ಬಲಕ್ಕೆ ಸರಿದಂತಾಗುತ್ತದೆ. ಅಲ್ಲಿ ಒಂದು ಸ್ಪೇಸ್ ಒತ್ತಿದರೆ ತೆರಪು ತನ್ನದೇ ಹೆಸರಿಲ್ಲದ ಗುಂಪಾಗುತ್ತದೆ, ಗುಂಪಿನ ಹೆಸರು ತನ್ನ ಕಂಬಗಳ ನಡುವೆ ಸರಿಯಾಗಿ ನಿಲ್ಲುತ್ತದೆ. ಗೆರೆಯ ಚಾರ್ಟಿನಲ್ಲಿ ಈ ತೆರಪು ಅಂದಕ್ಕಿಂತ ಹೆಚ್ಚಿನದು. ಅದಿಲ್ಲದಿದ್ದರೆ ಮೈಸೂರು ವಿಭಾಗದ ಕೊನೆಯ ಬಿಂದುವಿನಿಂದ ಕಲಬುರಗಿ ವಿಭಾಗದ ಮೊದಲ ಬಿಂದುವಿಗೆ ಗೆರೆ ಎಳೆದುಕೊಂಡು, ಇಲ್ಲದ ಸಂಬಂಧವನ್ನು ಹೇಳುತ್ತದೆ.

ಹೊರ ಹಂತದ ಸೆಲ್‌ಗಳನ್ನು ಮರ್ಜ್ ಮಾಡುವ ರೂಢಿ ಕಚೇರಿಗಳಲ್ಲಿ ಬಲವಾಗಿದೆ. ಮರ್ಜ್ ಮಾಡಿದಾಗ ಹೆಸರು ಮೊದಲ ಸೆಲ್‌ನಲ್ಲಿ ಉಳಿದು ಮಿಕ್ಕವು ಖಾಲಿಯಾಗುವುದರಿಂದ ಚಾರ್ಟ್ ಸರಿಯಾಗಿಯೇ ಬರುತ್ತದೆ. ಆದರೆ ಮರ್ಜ್ ಆದ ಕೋಷ್ಟಕ ಸಾರ್ಟ್‌ಗೆ ಬಗ್ಗುವುದಿಲ್ಲ, ಫಿಲ್ಟರ್‌ನಲ್ಲಿ ಸಾಲುಗಳು ಕಳಚಿಕೊಳ್ಳುತ್ತವೆ. ಖಾಲಿ ಸೆಲ್‌ಗಳ ಕೋಷ್ಟಕಕ್ಕೂ ಈ ದೋಷ ತಪ್ಪಿದ್ದಲ್ಲ: ಯಾರಾದರೂ ಅದನ್ನು ಸಾಕ್ಷರತೆಯ ಕ್ರಮದಲ್ಲಿ ಸಾರ್ಟ್ ಮಾಡಿದರೆ ಯಾವ ಜಿಲ್ಲೆ ಯಾವ ವಿಭಾಗದ್ದು ಎಂಬ ಮಾಹಿತಿಯೇ ನಾಶವಾಗುತ್ತದೆ, ಕಡತ ಉಳಿಸಿ ಮುಚ್ಚಿದ ಮೇಲೆ ಅದನ್ನು ಮರಳಿ ಪಡೆಯಲು ದಾರಿಯಿಲ್ಲ. ಆದ್ದರಿಂದ ಮೂಲ ದತ್ತಾಂಶವನ್ನು ಎಲ್ಲ ಸಾಲುಗಳೂ ಭರ್ತಿಯಿರುವಂತೆ ಒಂದು ಶೀಟಿನಲ್ಲಿ ಇಟ್ಟು, ಚಾರ್ಟಿಗೆ ಬೇಕಾದ ರೂಪವನ್ನು ಇನ್ನೊಂದರಲ್ಲಿ ಮಾಡಿಕೊಳ್ಳುವುದು ಉಳಿದ ಯಾವ ಸಲಹೆಗಿಂತಲೂ ಮುಖ್ಯವಾದದ್ದು.

ಪೈವಟ್ ಚಾರ್ಟಿನ ದಾರಿ

ಆ ಇನ್ನೊಂದು ರೂಪವನ್ನು ತಾನೇ ಮಾಡಿಕೊಡುವುದು ಪೈವಟ್ ಟೇಬಲ್. ಎಕ್ಸೆಲ್ 2000ದಲ್ಲಿ ಪೈವಟ್ ಚಾರ್ಟ್ ಸೇರಿದಂದಿನಿಂದ ಬಹುಹಂತದ ಅಕ್ಷಕ್ಕೆ ಇದೇ ನಿರಾತಂಕದ ದಾರಿ. ಭರ್ತಿ ಸಾಲುಗಳ ಕೋಷ್ಟಕದಿಂದ ಪೈವಟ್ ಚಾರ್ಟ್ ತೆರೆದು, ಆಕ್ಸಿಸ್ ಎಂಬ ಚೌಕಕ್ಕೆ ಮೊದಲು ವಿಭಾಗವನ್ನೂ ಅದರ ಕೆಳಗೆ ಜಿಲ್ಲೆಯನ್ನೂ ಎಳೆದು ಹಾಕಿದರೆ ಮುಗಿಯಿತು. ಚೌಕದಲ್ಲಿ ಮೇಲಿರುವುದು ಹೊರ ಹಂತ. ಹೆಸರುಗಳ ಪುನರಾವರ್ತನೆಯನ್ನು ಪೈವಟ್ ತಾನೇ ಒಂದುಗೂಡಿಸುತ್ತದೆ, ಉಪಮೊತ್ತ ಮತ್ತು ಒಟ್ಟುಮೊತ್ತಗಳನ್ನು ಚಾರ್ಟಿನಿಂದ ಹೊರಗಿಡುತ್ತದೆ, ವರ್ಷಗಳು ಅಂಕಿಗಳಾಗಿದ್ದರೂ ಗೊಂದಲಕ್ಕೆ ಬೀಳುವುದಿಲ್ಲ. ಎಕ್ಸೆಲ್ 2016ರಿಂದ ಚಾರ್ಟಿನ ಮೂಲೆಯಲ್ಲೇ ಕೂಡು-ಕಳೆ ಗುಂಡಿಗಳಿವೆ. ಅವನ್ನೊತ್ತಿ ಒಳ ಹಂತವನ್ನು ಮಡಚಬಹುದು, ಬಿಚ್ಚಬಹುದು.

ಮಡಚುವಾಗ ಎಚ್ಚರ ಬೇಕು. ಅಂಕಿಗಳ ಕಾಲಂ ಸಿಕ್ಕಿದೊಡನೆ ಪೈವಟ್ ಅದನ್ನು ಕೂಡಿಸುತ್ತದೆ. ಜಿಲ್ಲೆಗಳು ಬಿಚ್ಚಿಕೊಂಡಿದ್ದಾಗ ಒಂದು ಜಿಲ್ಲೆಗೆ ಒಂದೇ ಅಂಕಿ ಇರುವುದರಿಂದ ತಪ್ಪು ಕಾಣುವುದಿಲ್ಲ. ವಿಭಾಗಕ್ಕೆ ಮಡಚಿದ ಕೂಡಲೇ ಕಲಬುರಗಿ ವಿಭಾಗದ ಸಾಕ್ಷರತೆ ಶೇ. 382.27 ಎಂದು ತೋರುತ್ತದೆ. ಮೊತ್ತದ ಬದಲು ಸರಾಸರಿ ಆಯ್ದರೆ ಅಂಕಿ ನೂರರೊಳಗೆ ಬರುತ್ತದಾದರೂ ಅದೂ ವಿಭಾಗದ ನಿಜವಾದ ಪ್ರಮಾಣವಲ್ಲ. ಜಿಲ್ಲೆಗಳ ಜನಸಂಖ್ಯೆ ಬೇರೆಬೇರೆಯಾಗಿರುವುದರಿಂದ ಸಾಕ್ಷರರ ಸಂಖ್ಯೆಯನ್ನೂ ಏಳು ವರ್ಷ ಮೇಲ್ಪಟ್ಟವರ ಸಂಖ್ಯೆಯನ್ನೂ ಬೇರೆಬೇರೆ ಕೂಡಿಸಿ ಭಾಗಿಸಬೇಕು. ಶೇಕಡಾವಾರು, ದರ, ಇಳುವರಿ ಇಂಥ ಯಾವ ಅಳತೆಗೂ ಇದೇ ನಿಯಮ.

ಕಾಲದ ಹಂತಗಳಲ್ಲಿ ಭಾರತದ ಕಚೇರಿಗಳಿಗೆ ಒಂದು ವಿಶೇಷ ಅಡಚಣೆ ಇದೆ. ದಿನಾಂಕದ ಕಾಲಂ ಅನ್ನು ಪೈವಟ್ ತಾನಾಗಿ ವರ್ಷ, ತ್ರೈಮಾಸಿಕ, ತಿಂಗಳು ಎಂದು ವಿಂಗಡಿಸಬಲ್ಲದು, ಆದರೆ ಅದರ ವರ್ಷ ಶುರುವಾಗುವುದು ಜನವರಿಯಲ್ಲಿ. ನಮ್ಮ ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ. ಹಾಗಾಗಿ ಪೈವಟ್‌ನ ಮೊದಲ ತ್ರೈಮಾಸಿಕ ನಮ್ಮ ಲೆಕ್ಕದ ನಾಲ್ಕನೆಯದು. ಇದಕ್ಕೆ ಪರಿಹಾರ ಸರಳ: ಒಂದು ಸಹಾಯಕ ಕಾಲಂನಲ್ಲಿ ಇಡೇಟ್ ಎಂಬ ಫಂಕ್ಷನ್ ಬಳಸಿ ಪ್ರತಿ ದಿನಾಂಕವನ್ನು ಮೂರು ತಿಂಗಳು ಹಿಂದಕ್ಕೆ ತಳ್ಳಬೇಕು. 2024ರ ಏಪ್ರಿಲ್ ಆಗ 2024ರ ಜನವರಿಯಾಗುತ್ತದೆ, 2025ರ ಮಾರ್ಚ್ 2024ರ ಡಿಸೆಂಬರ್ ಆಗುತ್ತದೆ. ಆ ಹೊಸ ದಿನಾಂಕದ ವರ್ಷವೇ ಆರ್ಥಿಕ ವರ್ಷದ ಆರಂಭದ ವರ್ಷ, ಅದರ ತ್ರೈಮಾಸಿಕವೇ ನಮ್ಮ ತ್ರೈಮಾಸಿಕ. ವರ್ಷವನ್ನು ‘2024-25’ ಎಂದು ಪಠ್ಯವಾಗಿ ಜೋಡಿಸಿಟ್ಟರೆ ಸಾಮಾನ್ಯ ಚಾರ್ಟಿನಲ್ಲಿ ಅಂಕಿಯ ಗೊಂದಲವೂ ತಪ್ಪುತ್ತದೆ. ಒಳ ಹಂತದ ತಿಂಗಳ ಹೆಸರನ್ನು ಮಾತ್ರ ಮೂಲ ದಿನಾಂಕದಿಂದಲೇ ತೆಗೆಯಬೇಕು.

ಪೈವಟ್ ಚಾರ್ಟಿಗೆ ಮಿತಿಗಳೂ ಇವೆ. ಅದಕ್ಕೆ ಹೊರಗಿನ ಇನ್ನೊಂದು ಸರಣಿಯನ್ನು ಸೇರಿಸಲಾಗದು, ಆದ್ದರಿಂದ ರಾಜ್ಯದ 75.36ರ ಗೆರೆ ಬೇಕಿದ್ದರೆ ಅದೂ ಮೂಲ ಕೋಷ್ಟಕದ ಒಂದು ಕಾಲಂ ಆಗಿರಬೇಕು.

ಉಳಿದ ತಂತ್ರಾಂಶಗಳು

ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಬಹುಹಂತದ ಅಕ್ಷ ಅದರ ಪೂರ್ವಜನಾದ ಓಪನ್‌ಆಫೀಸ್ 3.3ರಿಂದ ಬಂದ ಬಳುವಳಿ. ಆಯ್ದ ಕೋಷ್ಟಕದ ಮೊದಲ ಕಾಲಂಗಳು ಪಠ್ಯವಾಗಿದ್ದರೆ ಹಂತಗಳು ತಾವಾಗಿಯೇ ಬರುತ್ತವೆ. ಹೊರ ಹಂತ ಅಂಕಿಯಾಗಿದ್ದರೆ ಚಾರ್ಟ್ ವಿಝಾರ್ಡಿನ ಡೇಟಾ ಸೀರೀಸ್ ಪುಟದಲ್ಲಿ ಕೆಟಗರೀಸ್ ಎಂಬಲ್ಲಿ ಎರಡೂ ಕಾಲಂಗಳ ವ್ಯಾಪ್ತಿಯನ್ನು ಕೈಯಾರೆ ಕೊಡಬೇಕು. ರೈಟರ್ ಅಥವಾ ಇಂಪ್ರೆಸ್‌ನೊಳಗೇ ಚಾರ್ಟ್ ಮಾಡುವವರಿಗೆ ಅದರ ಡೇಟಾ ಟೇಬಲ್ ಕಿಟಕಿಯಲ್ಲಿ ಪಠ್ಯದ ಕಾಲಂ ಸೇರಿಸುವ ಪ್ರತ್ಯೇಕ ಗುಂಡಿಯೇ ಇದೆ. ಅದು ಇರುವುದೇ ಈ ಉದ್ದೇಶಕ್ಕೆ.

ಪವರ್‌ಪಾಯಿಂಟ್ ಮತ್ತು ವರ್ಡ್‌ನ ಚಾರ್ಟುಗಳ ಹಿಂದೆ ಇರುವುದು ಎಕ್ಸೆಲ್ ಶೀಟೇ. ಎಡಿಟ್ ಡೇಟಾ ಒತ್ತಿ, ಮೊದಲ ಕಾಲಂನ ಎಡಕ್ಕೆ ಒಂದು ಕಾಲಂ ಸೇರಿಸಿ, ಗುಂಪಿನ ಹೆಸರುಗಳನ್ನು ಬರೆದು, ಸೆಲೆಕ್ಟ್ ಡೇಟಾದಲ್ಲಿ ಲೇಬಲ್ ವ್ಯಾಪ್ತಿಯನ್ನು ಹಿಗ್ಗಿಸಿದರೆ ಆಯಿತು. ಎಕ್ಸೆಲ್‌ನಲ್ಲೇ ಮಾಡಿ ತಂದು ಅಂಟಿಸುವುದು ಇನ್ನೂ ಸುಲಭ.

ಗೂಗಲ್ ಶೀಟ್ಸ್‌ನ ಚಾರ್ಟಿನಲ್ಲಿ ಅಡ್ಡ ಅಕ್ಷಕ್ಕೆ ಸಾಮಾನ್ಯವಾಗಿ ಒಂದೇ ಸಾಲು ಹೆಸರು. ಅಲ್ಲಿ ಸಹಾಯಕ ಕಾಲಂನಲ್ಲಿ ವಿಭಾಗ ಮತ್ತು ಜಿಲ್ಲೆಯ ಹೆಸರುಗಳನ್ನು ಜೋಡಿಸಿ ಒಂದೇ ಲೇಬಲ್ ಮಾಡುವುದು, ಅಥವಾ ಗುಂಪುಗಳ ನಡುವೆ ಖಾಲಿ ಸಾಲು ಬಿಟ್ಟು ಪ್ರತಿ ಗುಂಪಿಗೆ ಬೇರೆ ಬಣ್ಣ ಕೊಡುವುದು ವಾಡಿಕೆ. ಎರಡನೆಯದೇ ಕಣ್ಣಿಗೆ ಹಿತ.

ಪ್ರತಿ ತಿಂಗಳೂ ಅದೇ ವರದಿ ತಯಾರಿಸುವವರು ಕೋಡ್ ಮೂಲಕವೂ ಇದನ್ನು ಮಾಡಬಹುದು. ಪೈಥಾನ್‌ನ ಎಕ್ಸ್‌ಎಲ್‌ಎಸ್‌ಎಕ್ಸ್ ರೈಟರ್ ಲೈಬ್ರರಿಯಲ್ಲಿ ಲೇಬಲ್‌ಗಳ ವ್ಯಾಪ್ತಿಯಾಗಿ ಎರಡು ಕಾಲಂ ಕೊಟ್ಟರೆ ಸಾಕು, ಬೇರೆ ಆದೇಶ ಬೇಡ. ಪೈಥಾನ್-ಪಿಪಿಟಿಎಕ್ಸ್‌ನಲ್ಲಿ ಗುಂಪಿನೊಳಗೆ ಉಪಗುಂಪು ಸೇರಿಸುವ ಸೌಲಭ್ಯವಿದೆ.

ಕನ್ನಡದ ಹೆಸರುಗಳು ಅಕ್ಷಕ್ಕೆ ಬಂದಾಗ

ಕನ್ನಡದ ಲೇಬಲ್‌ಗಳಿಗೆ ತಮ್ಮದೇ ಅಗತ್ಯಗಳಿವೆ. ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಟೈಪಿಸಿದ, ಯೂನಿಕೋಡ್ ಅಲ್ಲದ ಕೋಷ್ಟಕದಿಂದ ಚಾರ್ಟ್ ಮಾಡಿದಾಗ ಅಕ್ಷದ ಕೆಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುವುದು ಕಚೇರಿಗಳಲ್ಲಿ ಇಂದಿಗೂ ನಡೆಯುವ ಸಂಗತಿ. ಚಾರ್ಟ್ ಸೆಲ್‌ನ ಫಾಂಟನ್ನು ಹೊತ್ತು ತರುವುದಿಲ್ಲ, ಬರೀ ಅಕ್ಷರ ಸಂಕೇತಗಳನ್ನು ತರುತ್ತದೆ. ಅವನ್ನು ಕಡತದ ಥೀಮ್ ಫಾಂಟಿನಲ್ಲಿ ತೋರಿಸುತ್ತದೆ. ಅಕ್ಷದ ಫಾಂಟನ್ನು ನುಡಿ 01 ಇ ಎಂದು ಬದಲಿಸಿದರೆ ತಾತ್ಕಾಲಿಕವಾಗಿ ಸರಿಯಾಗುತ್ತದೆ, ಆದರೆ ಆ ಫಾಂಟಿಲ್ಲದ ಯಂತ್ರದಲ್ಲಿ ಕಡತ ತೆರೆದರೆ ಮತ್ತೆ ಅದೇ ಪಾಡು. ಕೋಷ್ಟಕವನ್ನು ಒಮ್ಮೆ ಯೂನಿಕೋಡ್‌ಗೆ ಪರಿವರ್ತಿಸಿ, ವಿಂಡೋಸ್‌ನಲ್ಲೇ ಬರುವ ನಿರ್ಮಲ ಯುಐ ಫಾಂಟ್ ಬಳಸುವುದೇ ನಿಲ್ಲುವ ಪರಿಹಾರ.

ಕನ್ನಡದ ಒತ್ತಕ್ಷರಗಳು ಗೆರೆಯ ಕೆಳಗೆ ಇಳಿಯುತ್ತವೆ, ಪದಗಳೂ ಉದ್ದ. ‘ಚಿಕ್ಕಬಳ್ಳಾಪುರ’, ‘ಚಾಮರಾಜನಗರ’ದಂಥ ಹೆಸರುಗಳು ಹದಿನಾಲ್ಕು ಕಂಬಗಳ ಚಾರ್ಟಿನಲ್ಲಿ ಅಡ್ಡಲಾಗಿ ಹಿಡಿಸುವುದಿಲ್ಲ, ಓರೆಯಾಗಿ ತಿರುಗಿದರೆ ಒತ್ತುಗಳು ಒಂದಕ್ಕೊಂದು ತಾಗುತ್ತವೆ. ಅಕ್ಷರಗಳನ್ನು ಒಂದರ ಕೆಳಗೊಂದು ಪೇರಿಸುವ ಸ್ಟ್ಯಾಕ್ಡ್ ಆಯ್ಕೆ ಕನ್ನಡಕ್ಕೆ ಒಗ್ಗುವುದೇ ಇಲ್ಲ. ದ.ಕ., ಉ.ಕ. ಎಂಬಂಥ ಬಳಕೆಯಲ್ಲಿರುವ ಸಂಕ್ಷೇಪಗಳು ಒಂದಿಷ್ಟು ನೆರವಾಗುತ್ತವೆ. ಒಳ ಹಂತದಲ್ಲಿ ಹತ್ತಕ್ಕಿಂತ ಹೆಚ್ಚು ಉದ್ದ ಹೆಸರುಗಳಿದ್ದರೆ ಅಡ್ಡಪಟ್ಟಿಯ ಚಾರ್ಟೇ ಮೇಲು. ಮಲಗಿದ ಹೊರ ಹಂತದ ಎರಡು ಮೂರು ಹೆಸರುಗಳನ್ನು ಸಹಿಸಿಕೊಳ್ಳಬಹುದು, ಮಲಗಿದ ಹದಿನಾಲ್ಕು ಹೆಸರುಗಳನ್ನಲ್ಲ. ತಿಂಗಳುಗಳ ಕ್ರಮವೂ ಒಂದು ತೊಡಕು: ಎಕ್ಸೆಲ್‌ಗೆ ಇಂಗ್ಲಿಷ್ ತಿಂಗಳುಗಳ ಕ್ರಮ ಗೊತ್ತು. ಕನ್ನಡದಲ್ಲಿ ಬರೆದ ತಿಂಗಳುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿಬಿಡುತ್ತದೆ. ಆಪ್ಷನ್ಸ್‌ನ ಅಡ್ವಾನ್ಸ್‌ಡ್ ಭಾಗದಲ್ಲಿ ಎಡಿಟ್ ಕಸ್ಟಮ್ ಲಿಸ್ಟ್ಸ್ ತೆರೆದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಕನ್ನಡ ಪಟ್ಟಿಯನ್ನು ಒಮ್ಮೆ ಸೇರಿಸಿಟ್ಟರೆ ಆ ಯಂತ್ರದಲ್ಲಿ ಪೈವಟ್ ಅದನ್ನೇ ಅನುಸರಿಸುತ್ತದೆ.

ಬಣ್ಣ ಮತ್ತು ರಾಶಿ ಕಂಬಗಳು

ಗುಂಪುಗಳಿಗೆ ಬೇರೆಬೇರೆ ಬಣ್ಣ ಬೇಕಾದಾಗ ಒಂದೊಂದು ಕಂಬವನ್ನು ಕ್ಲಿಕ್ಕಿಸಿ ಬಣ್ಣ ಹಚ್ಚುವವರಿದ್ದಾರೆ. ಸಾಲುಗಳ ಕ್ರಮ ಬದಲಾದ ದಿನ ಆ ಬಣ್ಣಗಳು ತಪ್ಪು ಜಿಲ್ಲೆಗಳಿಗೆ ಅಂಟಿಕೊಳ್ಳುತ್ತವೆ. ಇದಕ್ಕೂ ಉತ್ತರ ಕೋಷ್ಟಕದಲ್ಲೇ ಇದೆ. ಪ್ರತಿ ವಿಭಾಗಕ್ಕೂ ಒಂದು ಅಳತೆಯ ಕಾಲಂ ಮಾಡಿ, ಮೈಸೂರು ವಿಭಾಗದ ಅಂಕಿಗಳನ್ನು ಒಂದರಲ್ಲೂ ಕಲಬುರಗಿಯದನ್ನು ಇನ್ನೊಂದರಲ್ಲೂ ಬರೆದು ಉಳಿದ ಸೆಲ್ ಖಾಲಿ ಬಿಡಬೇಕು. ಎರಡು ಸರಣಿಗಳಾದ್ದರಿಂದ ಎರಡು ಬಣ್ಣ ತಾನಾಗಿ ಬರುತ್ತದೆ. ಸೀರೀಸ್ ಓವರ್‌ಲ್ಯಾಪ್ ಅನ್ನು 100ಕ್ಕೆ ಏರಿಸಿದರೆ ಕಂಬಗಳು ತಮ್ಮ ಹೆಸರಿನ ನೇರಕ್ಕೆ ನಿಲ್ಲುತ್ತವೆ.

ಗುಂಪುಗೂಡಿದ ರಾಶಿ ಕಂಬಗಳ ಚಾರ್ಟ್ ಎಂಬ ವಿಧ ಎಕ್ಸೆಲ್‌ನ ಪಟ್ಟಿಯಲ್ಲಿಲ್ಲ, ಆದರೆ ಬಹುಹಂತದ ಅಕ್ಷದಿಂದ ಅದನ್ನು ಕಟ್ಟಬಹುದು. ಹೊರ ಹಂತದಲ್ಲಿ ವರ್ಷ, ಒಳ ಹಂತದಲ್ಲಿ ಮುಂಗಾರು, ಹಿಂಗಾರು, ಬೇಸಿಗೆ, ಸರಣಿಗಳಾಗಿ ನೀರಾವರಿ ಮತ್ತು ಮಳೆಯಾಶ್ರಿತ ಬಿತ್ತನೆ ಪ್ರದೇಶ, ವರ್ಷಗಳ ನಡುವೆ ಒಂದು ತೆರಪಿನ ಸಾಲು ಇಟ್ಟು ಸ್ಟ್ಯಾಕ್ಡ್ ಕಾಲಮ್ ಆಯ್ದರೆ ಮೂರು ಆಯಾಮಗಳ ಮಾಹಿತಿ ಒಂದೇ ಚಿತ್ರದಲ್ಲಿ ಓದಲು ಸಿಗುತ್ತದೆ.

ಯಾವಾಗ ಬೇಕು, ಯಾವಾಗ ಬೇಡ

ವಿಲಿಯಂ ಪ್ಲೇಫೇರ್ 1786ರ ತನ್ನ ಅಟ್ಲಾಸ್‌ನಲ್ಲಿ ಸ್ಕಾಟ್ಲೆಂಡಿನ ಆಮದು ರಫ್ತುಗಳನ್ನು ಹದಿನೇಳು ದೇಶಗಳಿಗೆ ಪಟ್ಟಿಗಳಾಗಿ ಬಿಡಿಸಿದಾಗ ಅವನಿಗೆ ಒಂದೇ ಸಾಲು ಹೆಸರು ಸಾಕಾಗಿತ್ತು. ಇಂದಿಗೂ ಬಹಳಷ್ಟು ಚಾರ್ಟುಗಳಿಗೆ ಅಷ್ಟೇ ಸಾಕು. ಒಳ ಹಂತದ ಹೆಸರುಗಳು ಪ್ರತಿ ಗುಂಪಿನಲ್ಲೂ ಬೇರೆಯಾಗಿದ್ದರೆ, ಜಿಲ್ಲೆಗಳಂತೆ, ಬಹುಹಂತದ ಅಕ್ಷಕ್ಕೆ ಸಾಟಿಯಿಲ್ಲ. ಅವೇ ಹೆಸರುಗಳು ಪ್ರತಿ ಗುಂಪಿನಲ್ಲೂ ಮರುಕಳಿಸಿದರೆ, ವರ್ಷ ವರ್ಷದ ನಾಲ್ಕು ತ್ರೈಮಾಸಿಕಗಳಂತೆ, ಓದುಗನಿಗೆ ಏನು ಹೋಲಿಸಬೇಕಿದೆ ಎಂದು ಕೇಳಿಕೊಳ್ಳಬೇಕು. ಕಾಲದ ಓಟ ತೋರಿಸಬೇಕಿದ್ದರೆ ಬಹುಹಂತದ ಅಕ್ಷ ಸರಿ. ಈ ವರ್ಷದ ಮೊದಲ ತ್ರೈಮಾಸಿಕವನ್ನು ಕಳೆದ ವರ್ಷದ ಮೊದಲನೆಯದರೊಂದಿಗೆ ಹೋಲಿಸಬೇಕಿದ್ದರೆ ಅವೆರಡೂ ಪಕ್ಕಪಕ್ಕದಲ್ಲಿರಬೇಕು. ಆಗ ವರ್ಷಗಳನ್ನು ಸರಣಿಗಳಾಗಿಸಿ ಸಾಮಾನ್ಯ ಗುಂಪು ಕಂಬದ ಚಾರ್ಟ್ ಮಾಡುವುದೇ ಲೇಸು.

ಎಕ್ಸೆಲ್ 2016ರಲ್ಲಿ ಬಂದ ಟ್ರೀಮ್ಯಾಪ್ ಮತ್ತು ಸನ್‌ಬರ್ಸ್ಟ್ ಚಾರ್ಟುಗಳೂ ಇದೇ ರೀತಿಯ ಕೋಷ್ಟಕವನ್ನು ತೆಗೆದುಕೊಂಡು ಹಂತಗಳನ್ನು ಚೌಕಗಳಾಗಿ, ಉಂಗುರಗಳಾಗಿ ತೋರಿಸುತ್ತವೆ. ನೋಡಲು ಆಕರ್ಷಕ. ಆದರೆ 1984ರಲ್ಲಿ ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಪ್ರಕಟಿಸಿದ ಅಧ್ಯಯನ ತೋರಿಸಿದಂತೆ, ಒಂದೇ ಅಳತೆಪಟ್ಟಿಯ ಮೇಲಿನ ಸ್ಥಾನವನ್ನು ಕಣ್ಣು ನಿಖರವಾಗಿ ಹೋಲಿಸುತ್ತದೆ. ಕೋನ ಮತ್ತು ವಿಸ್ತೀರ್ಣದಲ್ಲಿ ಎಡವುತ್ತದೆ. ಬೀದರ್‌ನ 70.51 ಮತ್ತು ಮಂಡ್ಯದ 70.40ರಂಥ ಸಣ್ಣ ಅಂತರ ಕಂಬಗಳಲ್ಲೇ ಕಾಣುವುದು ಕಷ್ಟ, ಉಂಗುರದಲ್ಲಿ ಅಸಾಧ್ಯ. ಅಲ್ಲದೆ ಈ ಎರಡೂ ಚಾರ್ಟುಗಳು ಒಟ್ಟು ಮೊತ್ತದ ಪಾಲುಗಳಿಗೆಂದು ಇರುವಂಥವು. ಸಾಕ್ಷರತಾ ಪ್ರಮಾಣವನ್ನು ಅವುಗಳಲ್ಲಿ ಹಾಕುವುದೇ ತಪ್ಪು.

ಹಂತಗಳ ಸಂಖ್ಯೆಗೂ ಮಿತಿ ಇರಬೇಕು. ತಂತ್ರಾಂಶ ಮೂರು ನಾಲ್ಕು ಹಂತಗಳನ್ನು ಬಿಡಿಸಿಕೊಡುತ್ತದೆ, ಆದರೆ ಮೂರನೆಯದರ ಹೊತ್ತಿಗೆ ಹೆಸರುಗಳೇ ಚಾರ್ಟಿನ ಅರ್ಧ ಎತ್ತರವನ್ನು ಆಕ್ರಮಿಸುತ್ತವೆ. 31 ಜಿಲ್ಲೆಗಳನ್ನು ನಾಲ್ಕು ವಿಭಾಗಗಳಲ್ಲಿ ಒಂದೇ ಎ4 ಹಾಳೆಗೆ ತುರುಕುವುದಕ್ಕಿಂತ ವಿಭಾಗಕ್ಕೊಂದರಂತೆ ನಾಲ್ಕು ಸಣ್ಣ ಚಾರ್ಟುಗಳನ್ನು ಒಂದೇ ಅಳತೆಯಲ್ಲಿ ಅಕ್ಕಪಕ್ಕ ಇಡುವುದು ಓದಲು ಹಿತ. ಎಡ್ವರ್ಡ್ ಟಫ್ಟಿ 1983ರ ತನ್ನ ಪುಸ್ತಕದಲ್ಲಿ ಒತ್ತಿ ಹೇಳಿದ್ದು ಈ ಕ್ರಮವನ್ನೇ. ಹಾಗೆ ಮಾಡುವಾಗ ನಾಲ್ಕರಲ್ಲೂ ಅಳತೆಯ ಅಕ್ಷದ ಕನಿಷ್ಠವನ್ನು 0, ಗರಿಷ್ಠವನ್ನು 100 ಎಂದು ಕೈಯಾರೆ ನಿಗದಿ ಮಾಡಬೇಕು. ಇಲ್ಲದಿದ್ದರೆ ಎಕ್ಸೆಲ್ ಪ್ರತಿ ಚಾರ್ಟಿಗೂ ತನಗೆ ತೋಚಿದ ಅಳತೆ ಇಟ್ಟುಬಿಡುತ್ತದೆ.